ವಿಯೆನ್ನಾದ ಶೋನ್‌ಬ್ರುನ್ ಅರಮನೆಯ ಕ್ರಿಸ್‌ಮಸ್ ಸಂತೆಗೆ ಎಷ್ಟು ಹೊತ್ತಿಗೆ ಹೋಗಬೇಕು, ಏನು ತಿನ್ನಬಹುದು?

ಡಿಸೆಂಬರ್‌ನಲ್ಲಿ ಅಪ್ಪ-ಅಮ್ಮನ ಜೊತೆ ವಿಯೆನ್ನಾಗೆ ಹೋಗುತ್ತಿದ್ದೀರಿ, ಶೋನ್‌ಬ್ರುನ್ ಸಂತೆಗೆ ಅರ್ಧ ದಿನ ಸಾಕಾ, ಸಸ್ಯಾಹಾರ ಸಿಗುತ್ತಾ ಎಂದು ಕೇಳಿದ್ದೀರಿ. ಸಾಕು, ಸಿಗುತ್ತೆ. ಆದರೆ ಎರಡಕ್ಕೂ ಸ್ವಲ್ಪ ಲೆಕ್ಕಾಚಾರ ಬೇಕು.

ಸಂತೆ ಇರುವುದು ಅರಮನೆಯ ಮುಂದಿನ ಬಯಲು ಅಂಗಳದಲ್ಲಿ. ಅದಕ್ಕೆ ಟಿಕೆಟ್ ಇಲ್ಲ. ಟಿಕೆಟ್ ಬೇಕಾಗುವುದು ಅರಮನೆಯ ಕೋಣೆಗಳನ್ನು ನೋಡಲು, ಅದರಲ್ಲಿ ಒಳಗೆ ಹೋಗುವ ಸಮಯವೂ ನಮೂದಾಗಿರುತ್ತೆ. ಅಲ್ಲೇ ಹೋಗಿ ತಗೊಳ್ಳೋಣ ಎಂದುಕೊಂಡರೆ ಒಳಗೆ ಹೋಗುವ ಸಮಯ ತುಂಬಾ ತಡವಾಗಿ ಸಿಗಬಹುದು. ಆನ್‌ಲೈನ್‌ನಲ್ಲಿ ಮೊದಲೇ ಕಾಯ್ದಿರಿಸಿ, ಮಧ್ಯಾಹ್ನ 2ರಿಂದ 2.30ರೊಳಗಿನ ಹೊತ್ತು ಹಿಡಿಯಿರಿ. ಕಾರಣ ಇದು: ಡಿಸೆಂಬರ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ಸಂಜೆ 4ರ ಆಸುಪಾಸಿನಲ್ಲಿ. ಬೆಳಕಿರುವಾಗ ಒಳಗಿನ ಕೋಣೆಗಳು (1762ರಲ್ಲಿ ಆರು ವರ್ಷದ ಸಂಗೀತಗಾರ ಮೊಜಾರ್ಟ್ ಸಾಮ್ರಾಜ್ಞಿ ಮಾರಿಯಾ ತೆರೇಸಾ ಮುಂದೆ ನುಡಿಸಿದ್ದು ಈ ಅರಮನೆಯಲ್ಲೇ), ಹೊರಗೆ ಬರುವಷ್ಟರಲ್ಲಿ ಹಳದಿ ಗೋಡೆಗಳ ಮುಂದೆ ದೀಪ ಹೊತ್ತಿರುತ್ತೆ. ವಾರದ ದಿನ 4ರಿಂದ 5.30 ಅತ್ಯುತ್ತಮ. ಆಮೇಲೆ ಕಚೇರಿ ಬಿಟ್ಟವರು ಬರುತ್ತಾರೆ, ಮಗ್ ಹಿಡಿದು ನಿಲ್ಲಲೂ ಜಾಗ ಹುಡುಕಬೇಕು. ಶನಿವಾರ, ಭಾನುವಾರ ಮತ್ತು ಅಲ್ಲಿ ರಜೆಯಾದ ಡಿಸೆಂಬರ್ 8, ಈ ಮೂರನ್ನೂ ಬಿಡಿ. ಹಿಂದಿನ ಉದ್ಯಾನವೂ ಬೇಕೆಂದರೆ 12.30ಕ್ಕೇ ಬನ್ನಿ. ಗ್ಲೋರಿಯೆಟ್ ಮಂಟಪದ ಗುಡ್ಡವನ್ನು ಹಿರಿಯರು ಹತ್ತಲೇಬೇಕೆಂದೇನಿಲ್ಲ, ಕೆಳಗಿನಿಂದಲೇ ಚೆನ್ನಾಗಿ ಕಾಣುತ್ತೆ.

ಹೋಗಲು ಊರ ನಡುವಿನ ಕಾರ್ಲ್ಸ್‌ಪ್ಲಾಟ್ಸ್ ನಿಲ್ದಾಣದಿಂದ ಹಸಿರು ಬಣ್ಣದ ಯು4 ಮೆಟ್ರೊ, ಹುಟೆಲ್‌ಡಾರ್ಫ್ ದಿಕ್ಕಿನದು. ಆರನೇ ನಿಲ್ದಾಣವೇ ಶೋನ್‌ಬ್ರುನ್. ಕಾಗದದ ಟಿಕೆಟ್ ಆದರೆ ಪ್ಲಾಟ್‌ಫಾರ್ಮ್‌ಗೆ ಹೋಗುವ ಮುಂಚೆ ಯಂತ್ರದಲ್ಲಿ ಮುದ್ರೆ ಒತ್ತಿಸಿ. ಗೇಟ್ ಇಲ್ಲ, ಯಾರೂ ತಡೆಯುವುದಿಲ್ಲ ಎಂದು ಮರೆತವರೇ ದಂಡ ಕಟ್ಟುವವರು.

ಬಿಸಿ ಪಾನೀಯಕ್ಕೆ ಗಾಜಿನ ಅಥವಾ ಪಿಂಗಾಣಿ ಮಗ್ ಕೊಡುತ್ತಾರೆ, ಪಾನೀಯದ ಬೆಲೆಯ ಮೇಲೆ ಮಗ್‌ಗೆ ಬೇರೆ ಠೇವಣಿ ಹಿಡಿಯುತ್ತಾರೆ. ಅದಕ್ಕೆ ‘ಫಾಂಡ್’ ಎನ್ನುತ್ತಾರೆ. ಬಿಲ್ ನೋಡಿ ಮೋಸವಾಯಿತು ಎಂದು ಗಾಬರಿಯಾಗಬೇಡಿ. ಮಗ್ ಕೊಟ್ಟರೆ ಹಣ ವಾಪಸ್, ಇಟ್ಟುಕೊಂಡರೆ ಅದೇ ನೆನಪಿನ ಕಾಣಿಕೆ. ಗ್ಲೂವೈನ್ ಎಂದರೆ ಚಕ್ಕೆ, ಲವಂಗ, ಕಿತ್ತಳೆ ಹಾಕಿ ಕುದಿಸದೆ ಬಿಸಿ ಮಾಡಿದ ವೈನ್. ಅಮ್ಮ ಮದ್ಯ ಮುಟ್ಟುವುದಿಲ್ಲ ಎಂದಾದರೆ ಬರೀ ‘ಪುನ್ಷ್’ ಎಂಬ ಬಿಸಿ ಪಾನೀಯ ಕೇಳಬೇಡಿ, ಹಣ್ಣಿನ ಹೆಸರಿದ್ದರೂ ಅದರಲ್ಲಿ ಸಾಮಾನ್ಯವಾಗಿ ರಮ್ ಇರುತ್ತೆ. ಕೇಳಬೇಕಾದದ್ದು ‘ಕಿಂಡರ್‌ಪುನ್ಷ್’ (ಮಕ್ಕಳ ಪುನ್ಷ್) ಅಥವಾ ‘ಆಲ್ಕೊಹೋಲ್‌ಫ್ರೈ’, ಅಂದರೆ ಮದ್ಯವಿಲ್ಲದ್ದು.

ತಿನಿಸಿನಲ್ಲಿ ಕಣ್ಣು ಮುಚ್ಚಿ ನಂಬಬಹುದಾದದ್ದು ‘ಮರೋನಿ’, ಅಂದರೆ ಸುಟ್ಟ ಚೆಸ್ಟ್‌ನಟ್. ಸಿಪ್ಪೆ ಸೀಳಿ ಸುಟ್ಟು ಕಾಗದದ ಪೊಟ್ಟಣದಲ್ಲಿ ಕೊಡುತ್ತಾರೆ. ಕೈ ಸುಟ್ಟರೂ ಬಿಸಿಯಲ್ಲೇ ಸುಲಿಯಿರಿ, ಆರಿದರೆ ಒಳಗಿನ ಕಂದು ಪೊರೆ ತಿರುಳಿಗೆ ಅಂಟಿಕೊಂಡು ಬಿಡುವುದೇ ಇಲ್ಲ. ‘ಲಾಂಗೋಶ್’ ಹುಳಿ ಬರಿಸಿದ ಹಿಟ್ಟನ್ನು ಕರಿದು ಬೆಳ್ಳುಳ್ಳಿ ಸವರಿದ ದೊಡ್ಡ ರೊಟ್ಟಿ, ಇಬ್ಬರಿಗೆ ಒಂದು ಸಾಕು. ತುರಿದ ಆಲೂಗಡ್ಡೆಯ ರೊಟ್ಟಿ ‘ಕಾರ್ಟೊಫೆಲ್‌ಪುಫರ್’ ಮತ್ತು ಚೀಸ್ ಹಾಕಿದ ನೂಡಲ್‌ನಂಥ ‘ಕೇಜೆಸ್ಪೆಟ್ಸ್‌ಲೆ’ಯಲ್ಲಿ ಮಾಂಸವಿಲ್ಲ ಎಂದು ಜನ ಧೈರ್ಯವಾಗಿ ತಿನ್ನುತ್ತಾರೆ, ಎರಡರ ಹಿಟ್ಟಿಗೂ ಸಾಮಾನ್ಯವಾಗಿ ಮೊಟ್ಟೆ ಬೀಳುತ್ತೆ, ಎರಡನೆಯದರ ಮೇಲೆ ಹಂದಿಮಾಂಸದ ಚೂರುಗಳನ್ನು ಉದುರಿಸುವುದೂ ಉಂಟು. ‘ಓನೆ ಸ್ಪೆಕ್’ ಅಂದರೆ ಹಂದಿಮಾಂಸ ಬೇಡ, ‘ಓನೆ ಐ’ ಅಂದರೆ ಮೊಟ್ಟೆ ಬೇಡ. ಎಣ್ಣೆಯೂ ಬೇರೆ ಇರಬೇಕು ಎನ್ನುವಷ್ಟು ಕಟ್ಟುನಿಟ್ಟಿನವರಾದರೆ ಕರಿದದ್ದನ್ನು ಬಿಟ್ಟು ಮರೋನಿ, ಸಕ್ಕರೆಯಲ್ಲಿ ಹುರಿದ ಬಾದಾಮಿಗೆ ನಿಲ್ಲಿ.

ಕೊಳ್ಳಲು ಒಂದೇ ಒಂದು ಎಂದರೆ ನಾನು ಹೇಳುವುದು ಹಿಮದ ಗೋಲ. ಅಲ್ಲಾಡಿಸಿದರೆ ಒಳಗೆ ಹಿಮ ಬೀಳುತ್ತಲ್ಲ, ಅದು. ವಿಯೆನ್ನಾದ ಎರ್ವಿನ್ ಪೆರ್ಜಿ 1900ರಲ್ಲಿ ಬಲ್ಬಿನ ಬೆಳಕು ಹೆಚ್ಚಿಸಲು ಹೋಗಿ ಇದನ್ನು ಮಾಡಿದ, ಆ ಮನೆತನ ಈಗಲೂ ಅಲ್ಲೇ ತಯಾರಿಸುತ್ತೆ. ಒಳಗಿರುವುದು ನೀರು, ಹಾಗಾಗಿ 100 ಮಿಲಿಲೀಟರ್ ಮೀರಿದ ಗೋಲವನ್ನು ಕೈಚೀಲದಲ್ಲಿಟ್ಟರೆ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಹೋಯಿತೆಂದೇ ಲೆಕ್ಕ. ದಪ್ಪ ಕಾಲುಚೀಲದೊಳಗೆ ತುರುಕಿ, ಚೆಕ್-ಇನ್ ಸೂಟ್‌ಕೇಸಿನ ನಡುವೆ ಬಟ್ಟೆಗಳ ಮಧ್ಯೆ ಇಡಿ.

ಹಿಮ ಬಿದ್ದಿರುತ್ತೆ ಎಂದು ಆಸೆ ಇಟ್ಟುಕೊಳ್ಳಬೇಡಿ, ಜಿಟಿಜಿಟಿ ಮಳೆಯ ಸಾಧ್ಯತೆಯೂ ಅಷ್ಟೇ ಇದೆ. ಚಳಿ ಹತ್ತುವುದು ಪಾದದಿಂದ, ಏಕೆಂದರೆ ಸಂತೆಯಲ್ಲಿ ನಡೆಯುವುದಕ್ಕಿಂತ ನಿಲ್ಲುವುದೇ ಹೆಚ್ಚು. ಅಪ್ಪ-ಅಮ್ಮನಿಗೆ ಇನ್ನೊಂದು ಸ್ವೆಟರ್‌ಗಿಂತ ದಪ್ಪ ಅಟ್ಟೆಯ ಶೂ, ಉಣ್ಣೆಯ ಕಾಲುಚೀಲ ಮುಖ್ಯ. ಕಾರ್ಡ್ ಇದ್ದರೂ ಸ್ವಲ್ಪ ನಗದು, ಶೌಚಾಲಯಕ್ಕೆ ಚಿಲ್ಲರೆ ನಾಣ್ಯ ಜೇಬಿನಲ್ಲಿರಲಿ.

ಡಿಸೆಂಬರ್ 24 ಅಲ್ಲಿಯವರಿಗೆ ಮನೆಯ ಹಬ್ಬ. ಸಂತೆ ಬೇಗ ಮುಚ್ಚುತ್ತೆ, ಅಂಗಡಿಗಳೂ ಮಧ್ಯಾಹ್ನಕ್ಕೇ ಬಾಗಿಲು ಹಾಕುತ್ತವೆ, ರಾತ್ರಿ ಊಟಕ್ಕೆ ಪರದಾಡಬೇಕಾಗುತ್ತೆ. ನಿಮ್ಮ ದಿನಾಂಕ ಕ್ರಿಸ್‌ಮಸ್ ಆದಮೇಲೆ ಬಿದ್ದಿದ್ದರೆ ಚಿಂತೆ ಬೇಡ, ಊರಿನ ಅನೇಕ ಸಂತೆಗಳು ಅಷ್ಟರಲ್ಲಿ ಕಿತ್ತರೂ ಶೋನ್‌ಬ್ರುನ್‌ನದು ಹೊಸ ವರ್ಷದ ಸಂತೆಯಾಗಿ ಜನವರಿ ಮೊದಲ ದಿನಗಳವರೆಗೂ ನಡೆಯುತ್ತೆ.