ಮೊದಲು ಆ ಇಕ್ಕಳ ಕೆಳಗಿಡಿ

ಸರ್ಕಲ್ ಹುಕ್ (ಮೊನೆ ಒಳಕ್ಕೆ ತಿರುಗಿರುವ ದುಂಡನೆಯ ಗಾಳ) ಕಟ್ಟಿದಾಗಿನಿಂದ ಮೀನು ಕಚ್ಚುತ್ತದೆ, ಜಗ್ಗಿದರೆ ಬರೀ ಗಾಳ ಬರುತ್ತದೆ, ಮೊನೆಯನ್ನು ಇಕ್ಕಳದಲ್ಲಿ ಸ್ವಲ್ಪ ಹೊರಕ್ಕೆ ಬಗ್ಗಿಸಲೇ ಅಥವಾ ಎಲ್ಲಾ ಮೀನಿಗೂ ಆಗುವ ಬೇರೆ ಒಳ್ಳೆಯ ಗಾಳ ಯಾವುದು ಅಂತ ಕೇಳಿದ್ದೀರಿ. ಓದಿ ಮೊದಲು ನಗು ಬಂತು, ಆಮೇಲೆ ಹೊಟ್ಟೆ ಉರಿಯಿತು. ಇದೇ ಪ್ರಶ್ನೆ ನನಗೂ ಬಂದಿತ್ತು. ವ್ಯತ್ಯಾಸ ಇಷ್ಟೇ, ನಾನು ಯಾರನ್ನೂ ಕೇಳಲಿಲ್ಲ. ಸೀದಾ ಇಕ್ಕಳ ಹಿಡಿದೆ.

ಮೊದಲ ಕೆಲವು ವರ್ಷ ನಾನು ಬಳಸಿದ್ದು ಮಾಮೂಲಿ ಜೆ ಹುಕ್. ಉದ್ದನೆಯ ಕಡ್ಡಿ, ಕೆಳಗೆ ಬಾಗು, ಅಲ್ಲಿಂದ ಮೊನೆ ನೆಟ್ಟಗೆ ಮೇಲಕ್ಕೆ. ಬೆಂಡು ಮುಳುಗಿದ ತಕ್ಷಣ ಕೋಲು ಜಗ್ಗಬೇಕು. ಜಗ್ಗಿದ ಹೊತ್ತಿಗೆ ಮೊನೆ ಎಲ್ಲಿರುತ್ತದೋ ಅಲ್ಲೇ ಚುಚ್ಚಿಕೊಳ್ಳುತ್ತದೆ. ಬೇಗ ಜಗ್ಗಿದರೆ ತುಟಿ, ತಡವಾದರೆ ಗಂಟಲು. ಬೆಕ್ಕುಮೀನಿನಂಥವು ಎರೆಯನ್ನು ರುಚಿ ನೋಡುತ್ತಾ ಕೂರುವುದಿಲ್ಲ, ಗುಳುಂ ಅಂತ ನುಂಗಿಬಿಡುತ್ತವೆ. ಗಾಳ ಹೊಟ್ಟೆ ಸೇರಿ, ಕಿವಿರಿನಿಂದ ರಕ್ತ ಸುರಿಯುತ್ತಾ ಬಂದ ಸಣ್ಣ ಮೀನುಗಳನ್ನು ನೀರಿಗೆ ಬಿಟ್ಟು, ಅವು ಹೊಟ್ಟೆ ಮೇಲಾಗಿ ತೇಲುವುದನ್ನು ನೋಡಿ ಸಾಕಾಗಿತ್ತು. ಸರ್ಕಲ್ ಹುಕ್ ಆದರೆ ಕಟವಾಯಿಯಲ್ಲೇ ಸಿಗುತ್ತದೆ ಅಂತ ಕೇಳಿದ್ದೆ. ತಂದೆ.

ಮೊದಲ ದಿನ ಬೆಳಿಗ್ಗೆ 7 ಸಲ ಕಚ್ಚಿದವು. 7 ಸಲ ಜಗ್ಗಿದೆ. 7 ಸಲವೂ ಖಾಲಿ. ಎರಡು ಬಾರಿ ಎರೆಹುಳವೂ ಹಾಗೇ ವಾಪಸ್ ಬಂತು, ಅವಮಾನ ಮಾಡಿದ ಹಾಗೆ.

ಮನೆಗೆ ಬಂದು ಗಾಳವನ್ನು ಬೆಳಕಿಗೆ ಹಿಡಿದು ನೋಡಿದೆ. ಮೊನೆ ಮೇಲಕ್ಕೆ ನೋಡುವ ಬದಲು ಒಳಕ್ಕೆ ತಿರುಗಿ ಕಡ್ಡಿಯನ್ನೇ ನೋಡುತ್ತಿದೆ. ಬೆರಳಿಗೆ ಚುಚ್ಚೋಣ ಅಂದರೂ ಸುಲಭಕ್ಕೆ ಚುಚ್ಚುವುದಿಲ್ಲ. ಬೆರಳಿಗೇ ಚುಚ್ಚದ್ದು ಮೀನಿಗೆ ಹೇಗೆ ಚುಚ್ಚೀತು? ಇದು ತಯಾರಿಸಿದವರ ತಪ್ಪು, ಮಷಿನ್ ಜಾಸ್ತಿ ಬಗ್ಗಿಸಿಬಿಟ್ಟಿದೆ ಅಂತ ತೀರ್ಮಾನ ಮಾಡಿದೆ. ಹೌದು, ಡಬ್ಬಿಯಲ್ಲಿದ್ದ ಅಷ್ಟೂ ಗಾಳ ಒಂದೇ ತರಹ ತಪ್ಪಾಗಿವೆ ಅಂತ ನಾನು ನಂಬಿದೆ.

ಮೊದಲನೆಯದನ್ನು ಇಕ್ಕಳದಲ್ಲಿ ಹಿಡಿದು ತಿರುಗಿಸಿದೆ. ಟಪ್ ಅಂತ ಮುರಿಯಿತು. ಎರಡನೆಯದೂ ಅಷ್ಟೇ. ಅಲ್ಲಿಗೆ ಬುದ್ಧಿ ಬರಬೇಕಿತ್ತು ಅಲ್ವಾ? ಬರಲಿಲ್ಲ. ಕಬ್ಬಿಣ ಬಗ್ಗಬೇಕಾದರೆ ಕಾಯಿಸಬೇಕು ಅಂತ ನೆನಪಾಯಿತು. ಒಲೆಯ ಉರಿ ಮೇಲೆ ಕೆಂಪಗಾಗುವ ತನಕ ಹಿಡಿದೆ, ಇಕ್ಕಳದಲ್ಲಿ ಬಗ್ಗಿಸಿದೆ. ಬೆಣ್ಣೆಯ ಹಾಗೆ ಬಗ್ಗಿತು. ಹೀಗೇ 10 ಗಾಳ ಮಾಡಿ, ಸಾಲಾಗಿ ಜೋಡಿಸಿ, ಏನೋ ಕಂಡುಹಿಡಿದವನ ಹಾಗೆ ನೋಡುತ್ತಾ ಕೂತೆ.

ಇಲ್ಲಿ ಸ್ವಲ್ಪ ಉದ್ದ ಹೇಳುತ್ತೇನೆ, ಸಹಿಸಿಕೊಳ್ಳಿ. ನಾನು ಮಾಡಿದ್ದು ಏನು ಅಂತ ನನಗೆ ಅರ್ಥವಾಗಲು ತುಂಬಾ ದಿನ ಹಿಡಿಯಿತು.

ಗಾಳ ಅಂದರೆ ಬಗ್ಗಿಸಿದ ತಂತಿ ಅಲ್ಲ. ಹೆಚ್ಚಿನ ಗಾಳಗಳು ಇಂಗಾಲ ಜಾಸ್ತಿ ಇರುವ ಉಕ್ಕಿನವು. ತಂತಿ ಇನ್ನೂ ಮೆತ್ತಗಿರುವಾಗಲೇ ಕತ್ತರಿಸಿ, ಮೊನೆ ತೆಗೆದು, ಮೊನೆಯ ಕೆಳಗೆ ಮುಳ್ಳು ಎಬ್ಬಿಸಿ, ಬಗ್ಗಿಸಿ, ದಾರ ಕಟ್ಟುವ ಕಣ್ಣು ಮಾಡಿ ಮುಗಿಸುತ್ತಾರೆ. ಆಮೇಲೆ ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಥಟ್ಟನೆ ತಣಿಸುತ್ತಾರೆ. ಆಗ ಉಕ್ಕು ಗಾಜಿನ ಹಾಗೆ ಗಟ್ಟಿ, ಗಾಜಿನ ಹಾಗೇ ಪೆಳಸು. ಹಾಗೇ ಬಿಟ್ಟರೆ ಮೊದಲ ಮೀನಿಗೇ ಮುರಿಯುತ್ತದೆ. ಅದಕ್ಕೇ ಮತ್ತೊಮ್ಮೆ ಕಡಿಮೆ ಬಿಸಿಯಲ್ಲಿ ಕಾಯಿಸಿ ಹದ ಮಾಡುತ್ತಾರೆ. ಎಳೆದರೆ ಚೂರು ಬಳುಕಬೇಕು, ಬಿಟ್ಟರೆ ಮೊದಲಿನ ಆಕಾರಕ್ಕೆ ಬರಬೇಕು, ಅಷ್ಟು ಹದ. ಗಾಳದ ಜೀವ ಇರುವುದು ಆ ಹದದಲ್ಲಿ. ತಣ್ಣಗಿದ್ದಾಗ ಇಕ್ಕಳದಿಂದ ತಿರುಚಿದರೆ ಅದು ತಾಳುವುದಕ್ಕಿಂತ ಜಾಸ್ತಿ ಬಗ್ಗಿಸಿದ ಹಾಗೆ. ಮುರಿಯುತ್ತದೆ, ಇಲ್ಲವಾದರೆ ಕಣ್ಣಿಗೆ ಕಾಣದ ಬಿರುಕು ಉಳಿಯುತ್ತದೆ. ಕೆಂಪಗೆ ಕಾಯಿಸಿ ಸುಮ್ನೆ ಗಾಳಿಯಲ್ಲಿ ಆರಲು ಬಿಟ್ಟರೆ? ಹದ ಪೂರ್ತಿ ಹೋಯಿತು. ಬೆಣ್ಣೆಯ ಹಾಗೆ ಬಗ್ಗಿತು ಅಂತ ನಾನು ಹಿಗ್ಗಿದೆನಲ್ಲ, ಮೀನು ಎಳೆದಾಗಲೂ ಅದು ಬೆಣ್ಣೆಯ ಹಾಗೇ ಬಗ್ಗುತ್ತದೆ ಅಂತ ಹೊಳೆಯಲಿಲ್ಲ.

ಮೇಲಿನ ಲೇಪನವೂ ಸುಟ್ಟಿತ್ತು. ಮಾರನೆಯ ದಿನ ನೀರು ಮುಟ್ಟಿದ ಗಾಳಗಳು ಅದರ ಮರುದಿನಕ್ಕೆ ತುಕ್ಕು ಹಿಡಿದಿದ್ದವು. ಮೊನೆಯನ್ನು ಕಣ್ಣಳತೆಯಲ್ಲಿ ತಿರುಗಿಸಿದ್ದರಿಂದ ಅದು ಒಂದು ಪಕ್ಕಕ್ಕೂ ವಾಲಿತ್ತು. ಇದೂ ದೊಡ್ಡ ತಪ್ಪೇ, ಹೇಳುತ್ತೇನೆ.

ಆ ಗಾಳಗಳಿಗೆ ಸಣ್ಣ ಮೀನು ಸಿಕ್ಕವು, ಸುಳ್ಳು ಹೇಳುವುದಿಲ್ಲ. ಆದರೆ ಮತ್ತೆ ಗಂಟಲಲ್ಲೇ. ಯಾವುದರಿಂದ ತಪ್ಪಿಸಿಕೊಳ್ಳಲು ಸರ್ಕಲ್ ಹುಕ್ ತಂದಿದ್ದೆನೋ ಅದನ್ನೇ ಕೈಯಾರೆ ವಾಪಸ್ ಮಾಡಿಕೊಂಡಿದ್ದೆ. ನಾಲ್ಕನೆಯ ದಿನ, ಕತ್ತಲಾಗುವ ಹೊತ್ತಿಗೆ ಒಂದು ಕಚ್ಚಿತು. ಕೋಲು ಬಿಲ್ಲಾಯಿತು. ರೀಲ್ ಕಿರುಗುಟ್ಟಿತು. ಅಷ್ಟು ಭಾರ ನನ್ನ ಕೈಗೆ ಅದಕ್ಕೂ ಮೊದಲು ಬಂದಿರಲಿಲ್ಲ, ಆಮೇಲೂ ಒಂದೆರಡು ಸಲ ಬಂದಿರಬಹುದು. ಒಮ್ಮೆ ನೀರು ಉಬ್ಬಿತು, ಅಗಲವಾದ ಬೆನ್ನು ಕಂಡಿತು. ದಡಕ್ಕೆ ನಾಲ್ಕು ಮಾರು ಇರುವಾಗ ದಾರ ಮೆಲ್ಲಗೆ ಸಡಿಲವಾಯಿತು. ಕಡಿದುಹೋಗಲಿಲ್ಲ, ಝಟಕೂ ಇಲ್ಲ. ಸಡಿಲವಾಯಿತು, ಅಷ್ಟೇ. ಎಳೆದುಕೊಂಡು ನೋಡಿದರೆ ದಾರದ ತುದಿಯಲ್ಲಿ ಗಂಟು ಹಾಗೇ ಇದೆ, ಕಣ್ಣು ಹಾಗೇ ಇದೆ, ಅದರ ಕೆಳಗೆ ಗಾಳದ ಬದಲು ಒಂದು ಮೊಳೆ. ಮೊಳೆಯ ಹಾಗೆ ನೆಟ್ಟಗಾಗಿತ್ತು. ತುದಿಯಲ್ಲಿ ಮಾತ್ರ ಚೂರು ಸೊಟ್ಟ.

ಪಕ್ಕದಲ್ಲಿ ಸುಮಾರು ದಿನದಿಂದ ಗಾಳ ಹಾಕುತ್ತಿದ್ದ ಹಿರಿಯರೊಬ್ಬರು ಬಂದು ಅದನ್ನು ಕೈಗೆ ತೆಗೆದುಕೊಂಡರು. ಡಬ್ಬಿಯಲ್ಲಿದ್ದ ಉಳಿದವನ್ನೂ ನೋಡಿದರು. "ಇವನ್ನ ಯಾರಪ್ಪಾ ಹಾಳು ಮಾಡಿದ್ದು?" ಅಂದರು. ನಾನೇ ಅಂದೆ. ಬೈಯಲಿಲ್ಲ. ತಮ್ಮ ಹಳೆಯ ರೆಕ್ಸಿನ್ ಪರ್ಸಿನೊಳಗೆ ಹಾಳಾಗದ ಒಂದು ಸರ್ಕಲ್ ಹುಕ್ ಹಾಕಿ, ದಾರ ಹೊರಗೆ ಬಿಟ್ಟು, ಪರ್ಸಿನ ಬಾಯಿ ಮೆಲ್ಲಗೆ ಮುಚ್ಚಿ ಹಿಡಿದರು. "ಜಗ್ಗು." ಜಗ್ಗಿದೆ. ಗಾಳ ಸೊಂಯ್ ಅಂತ ಹೊರಗೆ ಬಂತು. "ಈಗ ಮೆಲ್ಲಗೆ, ಪಕ್ಕಕ್ಕೆ ಎಳಿ." ಎಳೆದೆ. ಗಾಳ ಒಳಗೆಲ್ಲೂ ಸಿಕ್ಕಿಕೊಳ್ಳದೆ ಜಾರುತ್ತಾ ಬಂದು, ಪರ್ಸಿನ ಬಾಯಿಯ ಮೂಲೆಗೆ ಬಂದ ಕೂಡಲೇ ತಾನೇ ಹೊರಳಿ ಅಂಚನ್ನು ಕಚ್ಚಿ ನಿಂತಿತು. ಬಿಡಿಸಲು ನಾವು ಒದ್ದಾಡಬೇಕಾಯಿತು.

ನಿಮ್ಮ ಪ್ರಶ್ನೆಗೆ ಉತ್ತರ ಆ ಪರ್ಸು. ಮೊನೆ ಒಳಕ್ಕೆ ತಿರುಗಿರುವುದೇ ಗಂಟಲಲ್ಲಿ ಚುಚ್ಚಬಾರದು ಅಂತ. ಮೀನು ಎರೆ ಬಾಯಿಗೆ ಹಾಕಿಕೊಂಡು ತಿರುಗಿ ಹೊರಡುತ್ತದೆ. ದಾರ ಬಿಗಿಯಾಗುತ್ತದೆ. ಗಾಳ ಜಾರಿ ಕಟವಾಯಿಗೆ ಬರುತ್ತದೆ. ಅಲ್ಲಿ ಕಡ್ಡಿ ಹೊರಗೆ, ಬಾಗು ಒಳಗೆ. ದಾರದ ಎಳೆತಕ್ಕೆ ಗಾಳ ಹೊರಳುತ್ತದೆ, ಮೊನೆ ದವಡೆಯನ್ನು ಸುತ್ತಿ ಇಳಿಯುತ್ತದೆ. ಹೊರಳಲು ಅದಕ್ಕೆ ಒಂದೆರಡು ಕ್ಷಣ ಬೇಕು. ನೀವು ಜಗ್ಗಿದರೆ ಆ ಕ್ಷಣ ಸಿಗುವುದಿಲ್ಲ, ಗಾಳ ಬಾಯಿಂದ ನೇರ ಹೊರಗೆ. ಅದಕ್ಕೇ ಖಾಲಿ. ಗಾಳದ್ದೇನೂ ತಪ್ಪಿಲ್ಲ ಸ್ವಾಮಿ. ತಪ್ಪು ನಿಮ್ಮ ಕೈಯದು, ನನ್ನದೂ ಅದೇ ಆಗಿತ್ತು.

ನಂಬಿಕೆ ಬರದಿದ್ದರೆ ಇದನ್ನು ನೋಡಿ. 1980ರ ದಶಕದ ಮೊದಲ ವರ್ಷಗಳಲ್ಲಿ ಉತ್ತರ ಪೆಸಿಫಿಕ್‌ನಲ್ಲಿ ಹ್ಯಾಲಿಬಟ್ ಅನ್ನುವ ದೊಡ್ಡ ಚಪ್ಪಟೆ ಮೀನು ಹಿಡಿಯುವವರು ಜೆ ಹುಕ್ ಬಿಟ್ಟು ಸರ್ಕಲ್ ಹುಕ್‌ಗೆ ಬಂದರು. ಅವರದ್ದು ಲಾಂಗ್‌ಲೈನ್. ಉದ್ದನೆಯ ಹಗ್ಗಕ್ಕೆ ಸಾಲಾಗಿ ಗಾಳ ಕಟ್ಟಿ ಸಮುದ್ರದ ತಳಕ್ಕೆ ಬಿಟ್ಟು ಬರುತ್ತಾರೆ. ಅಲ್ಲಿ ಮೀನು ಕಚ್ಚಿದಾಗ ಜಗ್ಗಲು ಯಾರೂ ಇರುವುದಿಲ್ಲ. ಆದರೂ ಮೀನು ಜಾಸ್ತಿ ಸಿಕ್ಕಿತು. ಇದೇನು ಹೊಸ ಐಡಿಯಾವೂ ಅಲ್ಲ, ಪೆಸಿಫಿಕ್ ದ್ವೀಪಗಳ ಜನ ಚಿಪ್ಪು, ಮೂಳೆಗಳಲ್ಲಿ ಮೊನೆ ಒಳಕ್ಕೆ ತಿರುಗಿದ ಗಾಳಗಳನ್ನು ಕಬ್ಬಿಣ ಕಾಣುವ ಎಷ್ಟೋ ಮೊದಲೇ ಕೆತ್ತುತ್ತಿದ್ದರು. ನಾನು ಮಷಿನ್ ತಪ್ಪು ಅಂದದ್ದು ಅದನ್ನೇ!

ಇನ್ನು ಪಕ್ಕಕ್ಕೆ ವಾಲಿದ ಮೊನೆಯ ವಿಷಯ. ಗಾಳವನ್ನು ಮೇಜಿನ ಮೇಲೆ ಮಲಗಿಸಿ. ಪೂರ್ತಿ ಅಂಟಿಕೊಂಡು ಕೂತರೆ ಸರಿ. ಮೊನೆ ಎದ್ದು ನಿಂತರೆ ಅದನ್ನು ಆಫ್‌ಸೆಟ್ ಅನ್ನುತ್ತಾರೆ. ಜೆ ಹುಕ್‌ನಲ್ಲಿ ಅದು ಬೇಕಂತಲೇ ಮಾಡುವುದುಂಟು, ಬೇಗ ಚುಚ್ಚಲಿ ಅಂತ. ಸರ್ಕಲ್ ಹುಕ್‌ನಲ್ಲಿ ವಾಲು ಜಾಸ್ತಿಯಾದರೆ ಜಾರಬೇಕಾದ ಮೊನೆ ಗಂಟಲಲ್ಲೇ ಕೊಕ್ಕೆ ಹಾಕುತ್ತದೆ. ಅಮೆರಿಕದ ಅಟ್ಲಾಂಟಿಕ್ ಕರಾವಳಿಯಲ್ಲಿ ಸ್ಟ್ರೈಪ್ಡ್ ಬಾಸ್ ಮೀನಿಗೆ ನೈಸರ್ಗಿಕ ಎರೆ ಹಾಕುವ ಹವ್ಯಾಸಿಗಳಿಗೆ 2021ರಿಂದ ಸರ್ಕಲ್ ಹುಕ್ ಕಡ್ಡಾಯ. ಅಲ್ಲಿನ ನಿಯಮದ ಪ್ರಕಾರ ಮೊನೆ ಪಕ್ಕಕ್ಕೆ ವಾಲಿರಬಾರದು, ಕಡ್ಡಿಯ ಕಡೆಗೆ ನೇರ ಅಡ್ಡವಾಗಿ ತಿರುಗಿರಬೇಕು. ಅಂದರೆ ನೀವು ಇಕ್ಕಳ ಹಾಕಿದ ಮೇಲೆ ಅದು ಸರ್ಕಲ್ ಹುಕ್ಕೇ ಅಲ್ಲ.

ಎಲ್ಲಾ ಮೀನಿಗೂ ಆಗುವ ಒಂದು ಗಾಳ ಕೇಳಿದ್ದೀರಿ. ಇಲ್ಲ. ಆ ಪ್ರಶ್ನೆಯೇ ಸರಿ ಇಲ್ಲ ಅಂತ ನನ್ನ ಅಭಿಪ್ರಾಯ. ಗಾಳ ಆರಿಸುವುದು ಮೀನಿನ ಬಾಯಿ ನೋಡಿ, ಎರೆ ನೋಡಿ, ಮತ್ತೆ ನಿಮ್ಮ ಕೈಯ ಅಭ್ಯಾಸ ನೋಡಿ. ನಿಮಗೆ ಕೋಲು ಕೈಯಲ್ಲಿ ಹಿಡಿದು, ಕಚ್ಚಿದ ತಕ್ಷಣ ಜಗ್ಗುವುದರಲ್ಲೇ ಖುಷಿ ಅಂತಾದರೆ ಜೆ ಹುಕ್‌ಗೆ ವಾಪಸ್ ಹೋಗಿ, ನಾಚಿಕೆಯೇನಿಲ್ಲ. ಸಣ್ಣ ಬಾಯಿಯ ಮೀನಿಗೆ ಅಬರ್ಡೀನ್ ಅನ್ನುವ ತೆಳು ತಂತಿಯ ಗಾಳ ಚೆನ್ನ. ಎರೆಹುಳ ಜಾರಬಾರದು ಅಂದರೆ ಕಡ್ಡಿಯ ಮೇಲೆಯೇ ಸಣ್ಣ ಮುಳ್ಳುಗಳಿರುವ ಬೇಟ್‌ಹೋಲ್ಡರ್ ಇದೆ. ಮೂರು ಮೊನೆಯ ಟ್ರೆಬಲ್ ಹುಕ್ ಮಾತ್ರ ಬೇಡ. ಬಿಡುವ ಮೀನಿನ ಬಾಯಿ ಹರಿಯುತ್ತದೆ, ಬಿಡಿಸುವಾಗ ನಿಮ್ಮ ಕೈಯೂ.

ಸೈಜ್ ದೊಡ್ಡದು ಮಾಡಿದರೆ ಹೇಗೆ ಅಂತ ನಿಮ್ಮ ಮುಂದಿನ ಪ್ರಶ್ನೆ ಬರಬಹುದು, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ನಂಬರ್ ಉಲ್ಟಾ ಓಡುತ್ತದೆ. 10 ಅಂದರೆ ಚಿಕ್ಕದು, 6 ಅದಕ್ಕಿಂತ ದೊಡ್ಡದು, 1 ಇನ್ನೂ ದೊಡ್ಡದು. ಅಲ್ಲಿಂದಾಚೆ 1/0, 2/0, 3/0 ಅಂತ ಶುರುವಾಗಿ ನಂಬರ್ ಏರಿದ ಹಾಗೆ ಗಾಳವೂ ದೊಡ್ಡದಾಗುತ್ತದೆ. ಇದನ್ನು ಹೀಗೆ ಮಾಡಿದವರನ್ನು ಒಮ್ಮೆ ಭೇಟಿಯಾಗಬೇಕು. ಅದೂ ಸಾಲದು ಅಂತ ಒಂದು ಕಂಪನಿಯ 1/0 ಇನ್ನೊಂದರ 2/0ದಷ್ಟಿರುತ್ತದೆ. ನಂಬರ್ ಬಿಡಿ, ಗ್ಯಾಪ್ ನೋಡಿ. ಗ್ಯಾಪ್ ಅಂದರೆ ಮೊನೆಗೂ ಕಡ್ಡಿಗೂ ನಡುವಿನ ಜಾಗ. ಮೀನಿನ ದವಡೆ ಆ ಜಾಗದಲ್ಲಿ ತೂರಬೇಕು. ಹುಳವನ್ನು ಉಂಡೆ ಮಾಡಿ ಅಲ್ಲಿ ತುರುಕಿದರೆ ದವಡೆಗೆ ಜಾಗ ಎಲ್ಲಿದೆ? ಒಂದು ತುದಿಗೆ ಚುಚ್ಚಿ, ಉಳಿದದ್ದು ಜೋತಾಡಲಿ. ಮೊನೆ ಕಾಣಿಸಿದರೆ ಮೀನು ಹೆದರುತ್ತದೆ ಅಂತ ಯಾರಾದರೂ ಹೇಳಿದರೆ ಸುಮ್ನೆ ತಲೆಯಾಡಿಸಿ.

ಇಕ್ಕಳಕ್ಕೆ ಕೆಲಸ ಕೊಡಲೇಬೇಕು ಅಂತಿದ್ದರೆ ಒಂದು ಕೆಲಸ ಇದೆ. ಮೊನೆಯ ಕೆಳಗೆ ಹಿಂದಕ್ಕೆ ಚಾಚಿರುವ ಮುಳ್ಳನ್ನು ಮೆಲ್ಲಗೆ ಒತ್ತಿ ಮಲಗಿಸಿ. ಬಾಗನ್ನು ಮುಟ್ಟಬೇಡಿ. ದಾರ ಬಿಗಿಯಾಗಿರುವಷ್ಟು ಹೊತ್ತು ಮುಳ್ಳಿಲ್ಲದ ಗಾಳದಿಂದಲೂ ಮೀನು ಸುಲಭಕ್ಕೆ ತಪ್ಪಿಸಿಕೊಳ್ಳುವುದಿಲ್ಲ, ಬಿಡಿಸುವುದು ಮಾತ್ರ ಎಷ್ಟೋ ಸುಲಭ. ಮೊನೆ ಚೂಪಾಗಿದೆಯಾ ಅಂತ ಹೆಬ್ಬೆರಳಿನ ಉಗುರಿನ ಮೇಲೆ ಹಗುರವಾಗಿ ಎಳೆದು ನೋಡಿ. ಉಗುರಿಗೆ ಕಚ್ಚಿಕೊಂಡರೆ ಸರಿ, ಜಾರಿದರೆ ಬದಲಿಸಿ. ಅಕಸ್ಮಾತ್ ಗಾಳ ಗಂಟಲಿಗೆ ಇಳಿದರೆ ಒಳಗೆ ಕೈ ಹಾಕಿ ಕೀಳಬೇಡಿ, ದಾರವನ್ನು ಹತ್ತಿರಕ್ಕೆ ಕತ್ತರಿಸಿ ಬಿಟ್ಟುಬಿಡಿ. ಕಿತ್ತ ಮೀನಿಗಿಂತ ಹಾಗೆ ಬಿಟ್ಟ ಮೀನಿಗೆ ಬದುಕುವ ಅವಕಾಶ ಜಾಸ್ತಿ.

ಕಚ್ಚಿದಾಗ ಮಾಡಬೇಕಾದ್ದು ಇಷ್ಟು. ಕೋಲಿನ ತುದಿ ಒಂದೆರಡು ಸಲ ಕುಣಿಯುತ್ತದೆ. ಸುಮ್ಮನಿರಿ. ಆಮೇಲೆ ತುದಿ ಬಾಗಿ, ಬಾಗಿದ್ದು ಬಾಗಿದ ಹಾಗೇ ಇರುತ್ತದೆ. ಆಗ ರೀಲ್ ಹಿಡಿಕೆ ನಿಧಾನಕ್ಕೆ ತಿರುಗಿಸುತ್ತಾ ಹೋಗಿ, ಭಾರ ಗೊತ್ತಾದ ಮೇಲೆ ಕೋಲು ಎತ್ತಿ. ಹೇಳುವುದು ಸುಲಭ, ಗೊತ್ತು. ವರ್ಷಗಟ್ಟಲೆ ಜಗ್ಗಿದ ಕೈ ಅಷ್ಟು ಬೇಗ ಮಾತು ಕೇಳುವುದಿಲ್ಲ. ಕೋಲನ್ನು ಸ್ಟ್ಯಾಂಡಿಗೆ ಹಾಕಿ ಕೂರಿ. ನಾನಂತೂ ಮೊದಲ ಒಂದು ತಿಂಗಳು ಎರಡೂ ಅಂಗೈ ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದೆ. ಆ ಹಿರಿಯರು ನೋಡಿ ನಗುತ್ತಿದ್ದರು.