ಕ್ಲಾಂಗ್ ತಿದ್ದಬೇಕಾ, ಪೂಲ್ ತಿದ್ದಿದರೆ ಸಾಕಾ?

ಪ್ರಶ್ನೆ: ಸಾರ್, ನಾನು ಬೆಳಗಾವಿಯವನು, ಪುಣೆಯ ಹಿಂಜವಡಿಯಲ್ಲಿ ಸಿ ಪ್ಲಸ್ ಪ್ಲಸ್ ಕೆಲಸ. ನಮ್ಮ ಪ್ರಾಡಕ್ಟ್‌ನಲ್ಲಿ ನಮ್ಮದೇ ಮೆಮೊರಿ ಪೂಲ್ ಇದೆ. ಮೊದಲೇ ದೊಡ್ಡ ತುಂಡು ಪಡೆದು ಚಿಕ್ಕದಾಗಿ ಹಂಚುತ್ತದೆ. ಫ್ರೀ ಮಾಡಿದ ಜಾಗವನ್ನು ಯಾವುದೋ ಕೋಡ್ ಮತ್ತೆ ಓದುತ್ತಿದೆ, ಆದರೆ ಮೆಮೊರಿ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಜರ್ ಹಾಕಿದರೂ ಚಕಾರ ಎತ್ತುವುದಿಲ್ಲ. ಕ್ಲಾಂಗ್ ಕಂಪೈಲರನ್ನೇ (ಕೋಡನ್ನು ಯಂತ್ರಭಾಷೆಗೆ ತರುವ ತಂತ್ರಾಂಶ) ತಿದ್ದಿ ನಮ್ಮ ಚೆಕ್ ಸೇರಿಸು ಅಂತಾರೆ ಮ್ಯಾನೇಜರ್. ಎಲ್ಲಿಂದ ಶುರು ಮಾಡಲಿ?

ಉತ್ತರ: ಮ್ಯಾನೇಜರ್‌ಗೆ ಸ್ವಲ್ಪ ತಡೀರಿ ಅನ್ನಿ. ಚೆಕ್ ಆಗಲೇ ಇದೆ, ಅದಕ್ಕೆ ಸುದ್ದಿ ಮುಟ್ಟಿಸುವವರಿಲ್ಲ ಅಷ್ಟೆ.

ಅಡ್ರೆಸ್ ಸ್ಯಾನಿಟೈಜರ್ 2012ರಲ್ಲಿ ಕ್ಲಾಂಗ್‌ನ ತಳಹದಿಯಾದ ಎಲ್‌ಎಲ್‌ವಿಎಂ 3.1ರ ಜೊತೆ ಬಂತು, ಮಾರನೇ ವರ್ಷ ಇನ್ನೊಂದು ಕಂಪೈಲರ್ ಆದ ಜಿಸಿಸಿಯ 4.8ಕ್ಕೂ ಬಂತು. ಮೆಮೊರಿ ಓದುವ, ಬರೆಯುವ ಕಡೆ ಕಂಪೈಲರ್ ಒಂದು ಪುಟ್ಟ ಚೆಕ್ ತುರುಕುತ್ತದೆ: ವಿಳಾಸವನ್ನು 8ರಿಂದ ಭಾಗಿಸಿ, ಒಂದು ಆಫ್‌ಸೆಟ್ ಕೂಡಿಸಿ, ಅಲ್ಲಿರುವ ಶ್ಯಾಡೋ ಬೈಟ್ (ಆ 8 ಬೈಟ್‌ಗಳನ್ನು ಮುಟ್ಟಬಹುದೇ ಅಂತ ಹೇಳುವ ಗುರುತು) ನೋಡುವುದು. ಸೊನ್ನೆಯಿದ್ದರೆ 8 ಬೈಟೂ ಸರಿ, 1ರಿಂದ 7 ಇದ್ದರೆ ಮೊದಲ ಅಷ್ಟು ಬೈಟ್ ಮಾತ್ರ, ನೆಗೆಟಿವ್ ಇದ್ದರೆ ಮುಟ್ಟುವ ಹಾಗಿಲ್ಲ. ಹೀಪ್‌ನಲ್ಲಿ ಆ ಗುರುತು ಹಾಕುವುದು ಅದರದೇ ಮ್ಯಾಲಕ್ ಮತ್ತು ಫ್ರೀ (ಮೆಮೊರಿ ಕೊಡುವ, ವಾಪಸ್ ಪಡೆಯುವ ಫಂಕ್ಷನ್‌ಗಳು), ಹಾಗಾಗಿ ನಿಮ್ಮ ಪೂಲ್ ಒಳಗೆ ಏನೇ ನಡೆದರೂ ಅದಕ್ಕೆ ಕಾಣುವುದು ಬಳಕೆಯಲ್ಲಿರುವ ಒಂದೇ ದೊಡ್ಡ ತುಂಡು.

ಅದಕ್ಕಾಗಿಯೇ ಪಾಯ್ಸನ್ (ಮುಟ್ಟಬಾರದು ಅಂತ ಗುರುತು ಹಾಕುವುದು), ಅನ್‌ಪಾಯ್ಸನ್ (ಆ ಗುರುತು ತೆಗೆಯುವುದು) ಅಂತ ಎರಡು ಮ್ಯಾಕ್ರೋ ಕೊಟ್ಟಿದ್ದಾರೆ. ತುಂಡು ಪಡೆದ ಕೂಡಲೇ ಪೂರ್ತಿ ಪಾಯ್ಸನ್ ಮಾಡಿ. ಕೊಡುವಾಗ ಕೊಟ್ಟಷ್ಟನ್ನೇ ಅನ್‌ಪಾಯ್ಸನ್ ಮಾಡಿ, ವಾಪಸ್ ಬಂದಾಗ ಮತ್ತೆ ಪಾಯ್ಸನ್. ಎಲ್ಲವನ್ನೂ 8ರ ಅಲೈನ್‌ಮೆಂಟ್‌ನಲ್ಲಿ (8ರಿಂದ ಭಾಗವಾಗುವ ವಿಳಾಸದಲ್ಲಿ) ಇಡಿ, ಇಲ್ಲದಿದ್ದರೆ ಅಂಚಿನ ಬೈಟ್‌ಗಳು ತಪ್ಪಿಸಿಕೊಳ್ಳುತ್ತವೆ. ಎರಡು ತುಂಡುಗಳ ನಡುವೆ ಸ್ವಲ್ಪ ಜಾಗವನ್ನು ಪಾಯ್ಸನ್ ಮಾಡಿಯೇ ಬಿಟ್ಟರೆ ಓವರ್‌ಫ್ಲೋ (ತುಂಡಿನ ಗಡಿ ದಾಟುವುದು) ಕೂಡ ಸಿಗುತ್ತದೆ. ಫ್ರೀ ಲಿಸ್ಟ್ (ಖಾಲಿ ತುಂಡುಗಳ ಪಟ್ಟಿ) ಪಾಯಿಂಟರನ್ನು ಖಾಲಿ ಜಾಗದೊಳಗೇ ಬರೆಯುವ ಪೂಲ್ ನಿಮ್ಮದಾದರೆ (ಬಹುಶಃ ಹಾಗೇ ಇರುತ್ತದೆ!) ಮೊದಲ ರಿಪೋರ್ಟ್ ನಿಮ್ಮ ಪೂಲ್ ಮೇಲೇ ಬರುತ್ತದೆ, ಗಾಬರಿಯಾಗಬೇಡಿ, ಪಾಯಿಂಟರನ್ನು ಹೊರಗಿಡಿ. ಮತ್ತೆ, ಬಿಟ್ಟ ಜಾಗವನ್ನು ತಕ್ಷಣ ಬೇರೆಯವರಿಗೆ ಕೊಟ್ಟರೆ ಹಳೆಯ ಪಾಯಿಂಟರ್ ಓದಿದ್ದು ಗೊತ್ತೇ ಆಗುವುದಿಲ್ಲ, ಅಲ್ವಾ? ಟೆಸ್ಟ್ ಬಿಲ್ಡ್‌ನಲ್ಲಿ ಬಿಟ್ಟವನ್ನು ಒಂದು ಸಾಲಿನಲ್ಲಿ ಕೂಡಿಟ್ಟು ತಡವಾಗಿ ಕೊಡಿ. ಸ್ಯಾನಿಟೈಜರಿನ ಸ್ವಂತ ಫ್ರೀ ಕೂಡ ಇದನ್ನೇ ಮಾಡುತ್ತದೆ.

ಇಷ್ಟಕ್ಕೂ ಬಗ್ಗದ ನಿಯಮ ಇದ್ದರೆ, ಉದಾಹರಣೆಗೆ ಒಂದು ಥ್ರೆಡ್ಡಿನ ಪೂಲನ್ನು ಇನ್ನೊಂದು ಥ್ರೆಡ್ ಮುಟ್ಟಬಾರದು ಅಂತಿದ್ದರೆ, ಆಗ ಕಂಪೈಲರ್ ಕಡೆ ಹೋಗಿ. ಆಗಲೂ ಕ್ಲಾಂಗ್ ಸೋರ್ಸ್ ಮುಟ್ಟಬೇಡಿ, ಮುಂದಿನ ವರ್ಷನ್ ಬಂದಾಗ ಅದನ್ನು ಮತ್ತೆ ಹೊಂದಿಸುತ್ತಾ ಕೂರಬೇಕಾಗುತ್ತದೆ. ಎಲ್‌ಎಲ್‌ವಿಎಂ ಪಾಸ್ (ಕಂಪೈಲ್ ಆಗುವಾಗ ಕೋಡನ್ನು ನೋಡಿ ಬದಲಿಸುವ ಹಂತ) ಒಂದನ್ನು ಪ್ಲಗಿನ್ ಆಗಿ ಬರೆಯಿರಿ: ಪ್ರತಿ ಲೋಡ್, ಸ್ಟೋರ್ (ಮೆಮೊರಿ ಓದು, ಬರಹ) ಮುಂದೆ ನಿಮ್ಮ ಚೆಕ್ ಫಂಕ್ಷನ್‌ಗೆ ಕಾಲ್ ಸೇರಿಸಿದರೆ ಆಯ್ತು. ಮೆಮ್‌ಕಾಪಿ, ಮೆಮ್‌ಸೆಟ್, ಅಟಾಮಿಕ್‌ಗಳನ್ನು ಮರೆಯಬೇಡಿ, ಅವೂ ಮೆಮೊರಿ ಮುಟ್ಟುತ್ತವೆ. ಚೆಕ್ ಫಂಕ್ಷನ್ ಇರುವ ಫೈಲನ್ನು ಮಾತ್ರ ಈ ಪಾಸ್‌ನಿಂದ ಹೊರಗಿಡಿ, ಇಲ್ಲದಿದ್ದರೆ ಅದು ತನ್ನನ್ನೇ ಕರೆಯುತ್ತಾ ಸ್ಟಾಕ್ ತುಂಬಿಸುತ್ತದೆ.

ಪ್ರಶ್ನೆ: ಡೊಂಬಿವಲಿಯ ಇಂಜಿನಿಯರಿಂಗ್ ವಿದ್ಯಾರ್ಥಿನಿ ನಾನು. 8 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಎಲ್‌ಎಲ್‌ವಿಎಂ ಬಿಲ್ಡ್ ಆಗುತ್ತದಾ?

ಉತ್ತರ: ಡೀಬಗ್ ಬಿಲ್ಡ್ ಆದರೆ ಲಿಂಕ್ ಮಾಡುವಾಗ ಒದ್ದಾಡುತ್ತದೆ. ರಿಲೀಸ್ ಬಿಲ್ಡ್ ಇಟ್ಟು, ಟಾರ್ಗೆಟ್ (ಯಾವ ಪ್ರೊಸೆಸರ್‌ಗೆ ಕೋಡ್ ಬೇಕೋ ಅದು) ಒಂದೇ ಆರಿಸಿ, ಒಮ್ಮೆಗೆ ಒಂದೇ ಲಿಂಕ್ ನಡೆಯುವಂತೆ ಮಾಡಿ. ಪಾಸ್ ಕಲಿಯಲಿಕ್ಕಾದರೆ ಅದೂ ಬೇಡ ತಂಗಿ, ಲಿನಕ್ಸ್‌ನ ಎಲ್‌ಎಲ್‌ವಿಎಂ ಡೆವ್ ಪ್ಯಾಕೇಜ್ ಸಾಕು. ಜಿಸಿಸಿ ಕಡೆ ಒಲವಿದ್ದರೆ ನಿಮ್ಮ ಪವಾಯಿ ಐಐಟಿಯ ಜಿಸಿಸಿ ರಿಸೋರ್ಸ್ ಸೆಂಟರ್‌ನವರು ಮಾಡಿದ ಪಾಠದ ಸ್ಲೈಡುಗಳನ್ನು ಹುಡುಕಿ ಓದಿ.