ಕೊರಿಯನ್ ಅಕ್ಷರ ಕಲಿಯುವವರಿಗೆ: ಆ ಕ-ಗ ಗೊಂದಲದ ಬಗ್ಗೆ

ಅಕ್ಕ, ಮಗಳ ಜೊತೆ ಕೂತು ನೀವೂ ಕೊರಿಯನ್ ಅಕ್ಷರ ಕಲಿಯುತ್ತಿದ್ದೀರಿ ಅಂತ ಓದಿ ತುಂಬಾ ಖುಷಿಯಾಯಿತು. ಒಂದೇ ಅಕ್ಷರವನ್ನು ಒಂದು ಕಡೆ 'ಕ' ಅಂತಾರೆ, ಇನ್ನೊಂದು ಕಡೆ 'ಗ' ಅಂತಾರೆ, ಯಾವುದು ಸರಿ ಅಂತ ಕೇಳಿದ್ದೀರಿ. ಎರಡೂ ಸರಿ. ಅದನ್ನು ಹೇಳುವ ಮೊದಲು ಒಂದು ಮಾತು. ಇಂಗ್ಲಿಷ್‌ನಲ್ಲಿ ಉಚ್ಚಾರ ಬರೆದಿರುವ ಆ ಪಟ್ಟಿಯನ್ನು ಇವತ್ತೇ ಎತ್ತಿಡಿ. ನಾನು ಎರಡು ತಿಂಗಳು ಅದನ್ನೇ ನೆಚ್ಚಿಕೊಂಡಿದ್ದೆ, ಬಾಯಿಗೆ ಅಂಟಿದ ತಪ್ಪು ಬಿಡಿಸಿಕೊಳ್ಳಲು ಅದಕ್ಕಿಂತ ಜಾಸ್ತಿ ದಿನ ಬೇಕಾಯಿತು. ಅವರ ರಾಜಧಾನಿಯ ಹೆಸರನ್ನೇ ನೋಡಿ. ನಾವು ಸಿಯೋಲ್ ಅನ್ನುತ್ತೇವೆ. ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ ಬರುವ 'ಇ', 'ಓ' ಎರಡೂ ಸೇರಿ ಅಲ್ಲಿ ಒಂದೇ ಸ್ವರ. ಅವರು ಹೇಳುವುದು ಹೆಚ್ಚುಕಡಿಮೆ 'ಸೊ-ಉಲ್', ಅದೂ 'ಸೊ' ಅನ್ನುವಾಗ ತುಟಿ ದುಂಡಗೆ ಮಾಡದೆ.

ನಮಗೆ ಕನ್ನಡ ವರ್ಣಮಾಲೆ ಗೊತ್ತಿದೆ ಅಲ್ವಾ, ಅದು ದೊಡ್ಡ ಆಸ್ತಿ. ಕ ವರ್ಗ ಗಂಟಲ ಹತ್ತಿರ, ತ ವರ್ಗ ಹಲ್ಲಿನ ಹತ್ತಿರ, ಪ ವರ್ಗ ತುಟಿಯಲ್ಲಿ ಅಂತ ಶಾಲೆಯಲ್ಲೇ ಕಲಿತಿದ್ದೇವೆ. 1443ರಲ್ಲಿ ರಾಜ ಸೆಜೊಂಗ್ ಈ ಲಿಪಿ ಮಾಡಿದಾಗ ಅದೇ ವಿಷಯವನ್ನು ಅಕ್ಷರದ ಆಕಾರದಲ್ಲೇ ಇಟ್ಟ. ಎಡಕ್ಕೆ ಮುಖ ಮಾಡಿದ ಒಬ್ಬ ಮನುಷ್ಯನ ಬಾಯಿಯೊಳಗೆ ಇಣುಕಿದ ಹಾಗೆ ಯೋಚಿಸಿ. 'ನ್' ಅನ್ನಿ, ನಾಲಿಗೆ ತುದಿ ಮೇಲೇಳುತ್ತದೆ. ಎಡಗಡೆ ನಿಂತ ಗೆರೆ, ಕೆಳಗೆ ಬಲಕ್ಕೆ ಮಲಗಿದ ಗೆರೆ, ಅದೇ ಅವರ 'ನ್'. 'ಕ್' ಅನ್ನಿ, ನಾಲಿಗೆಯ ಹಿಂಭಾಗ ಮೇಲೆದ್ದು ಗಂಟಲ ದಾರಿ ಮುಚ್ಚುತ್ತದೆ. ಮೇಲೊಂದು ಅಡ್ಡಗೆರೆ, ಬಲತುದಿಯಿಂದ ಕೆಳಗಿಳಿದ ಗೆರೆ, ಅದು 'ಕ್'. ಮುಚ್ಚಿದ ಬಾಯಿಯ ಚೌಕ 'ಮ್'. 'ಕ್' ಒಳಗೆ ಇನ್ನೊಂದು ಗೀಟು ಎಳೆದರೆ ಉಸಿರು ಜಾಸ್ತಿ ಇರುವ 'ಖ್'. ಹೀಗೆ ಒಂದರಿಂದ ಇನ್ನೊಂದು ಹುಟ್ಟುತ್ತದೆ. ಮೂಲ ಅಕ್ಷರ 24 ಮಾತ್ರ: 14 ವ್ಯಂಜನ, 10 ಸ್ವರ. ಉಳಿದವು ಇವನ್ನೇ ಜೋಡಿಸಿ ಮಾಡಿದವು.

ಈಗ ಕ-ಗ. ತಮಿಳು ಓದಿದವರಿಗೆ ಇದು ಥಟ್ಟನೆ ಹೊಳೆಯುತ್ತದೆ, ಅಲ್ಲೂ ಎರಡಕ್ಕೂ ಒಂದೇ ಅಕ್ಷರ. ಕೊರಿಯನ್‌ನಲ್ಲಿ ಪದದ ಶುರುವಿನಲ್ಲಿ 'ಕ' ಥರ, ಎರಡು ಸ್ವರದ ನಡುವೆ ಬಂದರೆ 'ಗ' ಥರ. ಮಾಂಸಕ್ಕೆ 'ಕೊಗಿ' ಅಂತಾರೆ, ಬರೆಯುವಾಗ ಎರಡು ಕಡೆಯೂ ಅದೇ ಅಕ್ಷರ. ತ-ದ, ಪ-ಬ, ಚ-ಜ ಕೂಡ ಇದೇ ಲೆಕ್ಕ. ಹಳೇ ನಕ್ಷೆಯಲ್ಲಿ ಪುಸಾನ್ ಅಂತ ಇರುವ ಊರು ಈಗ ಬುಸಾನ್ ಆಗಿದೆಯಲ್ಲ, ಊರು ಹೆಸರು ಬದಲಿಸಿಕೊಂಡಿಲ್ಲ. 2000ರಲ್ಲಿ ಇಂಗ್ಲಿಷ್‌ನಲ್ಲಿ ಬರೆಯುವ ಪದ್ಧತಿ ಬದಲಾಯಿತು, ಅಷ್ಟೇ. ಹಾಂ, 'ಟ' 'ಡ' ಮರೆತುಬಿಡಿ. ಅಲ್ಲಿರುವುದು ನಮ್ಮ ತ, ದ.

ಕಷ್ಟ ಇರುವುದು ಮೂರು ಬಗೆಯ ವ್ಯಂಜನದಲ್ಲಿ: ಮೆತ್ತಗಿನದು, ಉಸಿರಿನದು, ಬಿಗಿಯಾದದ್ದು. ಬಿಗಿಯಾದದ್ದು ನಮ್ಮ ಒತ್ತಕ್ಷರದ ಹಾಗೆ. ಕೊರಿಯನ್ ಮಕ್ಕಳು ತಂದೆಯನ್ನು 'ಅಪ್ಪಾ' ಅಂತಲೇ ಕರೆಯುತ್ತಾರೆ, ನಾವು 'ಅಪ್ಪ' ಅನ್ನುವಾಗ ತುಟಿ ಬಿಗಿಹಿಡಿದು ಬಿಡುವ ಆ 'ಪ್ಪ' ಇದೆಯಲ್ಲ, ಅವರ ಬಿಗಿ ಅಕ್ಷರ ಅದೇ. ತಾಯಿಗೆ 'ಒಮ್ಮಾ'. ಅದರ ಮೊದಲ ಸ್ವರವೇ ಮೇಲೆ ಹೇಳಿದ ಸಿಯೋಲ್‌ನ ಸ್ವರ, ನಮ್ಮ 'ಅಮ್ಮ'ನ 'ಅ'ವನ್ನು ಸ್ವಲ್ಪ 'ಒ' ಕಡೆ ಎಳೆದರೆ ಸಿಗುತ್ತದೆ. ಇದನ್ನು ನೋಡಿ ಎರಡು ಭಾಷೆಗೂ ನಂಟಿದೆ ಅಂತ ಹೇಳುವವರು ಸಿಗುತ್ತಾರೆ. ನಂಬಬೇಡಿ, ಅಪ್ಪ-ಅಮ್ಮನಿಗೆ ಇಂಥ ಪದಗಳು ಎಷ್ಟೋ ಭಾಷೆಗಳಲ್ಲಿವೆ. ಆದರೆ ಉಚ್ಚಾರ ಕಲಿಯಲು ಇದಕ್ಕಿಂತ ಒಳ್ಳೇ ಜೋಡಿ ನನಗೆ ಸಿಕ್ಕಿಲ್ಲ.

ಒಂದು ತೆಳು ಕಾಗದದ ಚೂರು ಬಾಯಿ ಮುಂದೆ ಹಿಡಿದು ಅಭ್ಯಾಸ ಮಾಡಿ. ಚಂದ್ರನಿಗೆ 'ತಾಲ್', ಮುಖವಾಡಕ್ಕೆ 'ಥಾಲ್', ಮಗಳಿಗೆ 'ತ್ತಾಲ್'. ಮುಖವಾಡ ಅನ್ನುವಾಗ ಕಾಗದ ಹಾರಬೇಕು, ಮಗಳು ಅನ್ನುವಾಗ ಅಲುಗಲೇಬಾರದು. ಮಾತಿನಲ್ಲಿ ನಾವು ಮಹಾಪ್ರಾಣವನ್ನು ನುಂಗುವುದೇ ಜಾಸ್ತಿ, ಇಲ್ಲಿ ಹಾಗೆ ಮಾಡಿದರೆ ಪದವೇ ಬೇರೆಯಾಗುತ್ತದೆ. ಇನ್ನೊಂದು ಸ್ವರ ಕಾಡುತ್ತದೆ, ಬರೀ ಅಡ್ಡಗೆರೆಯದು. 'ಉ' ಅನ್ನಿ, ಆದರೆ ತುಟಿ ಮುಂದೆ ತರದೆ ಅಗಲವಾಗಿ ಇಟ್ಟುಕೊಳ್ಳಿ. ತುಳು ಬರುವವರಿಗೆ ಇದು ಸಲೀಸು, ಮನೆಗೆ 'ಇಲ್ಲ್' ಅನ್ನುವಾಗ ಕೊನೆಗೆ ಬರುವ ಅರ್ಧ ಉಕಾರ ಹತ್ತಿರ ಹತ್ತಿರ ಅದೇ.

ಬರೆಯಲು ಮಕ್ಕಳ ಲೆಕ್ಕದ ಚೌಕದ ನೋಟ್‌ಬುಕ್ ತಗೊಳ್ಳಿ. ಒಂದು ಚೌಕಕ್ಕೆ ಒಂದು ಉಚ್ಚಾರ. ಅಕ್ಷರಗಳನ್ನು ಸಾಲಾಗಿ ಬರೆಯುವುದಿಲ್ಲ, ನಮ್ಮ ಗುಣಿತಾಕ್ಷರ, ಒತ್ತಕ್ಷರದ ಹಾಗೆ ಒಟ್ಟಿಗೆ ಕೂಡಿಸುತ್ತಾರೆ. ನಿಂತ ಸ್ವರ ವ್ಯಂಜನದ ಬಲಕ್ಕೆ, ಮಲಗಿದ ಸ್ವರ ಅದರ ಕೆಳಗೆ, ಕೊನೆಯ ವ್ಯಂಜನ ಎಲ್ಲಕ್ಕಿಂತ ಕೆಳಗೆ. ಸ್ವರದಿಂದಲೇ ಶುರುವಾದರೆ ವ್ಯಂಜನದ ಜಾಗದಲ್ಲಿ ಸುಮ್ನೆ ಒಂದು ಸೊನ್ನೆ ಇಡಬೇಕು, ಅದಕ್ಕೆ ಸದ್ದಿಲ್ಲ. ಅದೇ ಸೊನ್ನೆ ಕೊನೆಗೆ ಬಂದರೆ ನಮ್ಮ 'ಙ್'. ಗೆರೆಗಳು ಯಾವಾಗಲೂ ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ.

ಓದಲು ಬಂದ ಮೇಲೆ ಬರೆದದ್ದೇ ಒಂದು, ಹೇಳುವುದೇ ಒಂದು ಅನ್ನಿಸುವ ಜಾಗ ಬರುತ್ತದೆ. ಹೆದರಬೇಡಿ, ಅದು ಸಂಧಿ. ವಾಕ್ ಮತ್ತು ಮಯ ಸೇರಿ ವಾಙ್ಮಯ ಆಗುತ್ತದಲ್ಲ, ಹಾಗೇ ಸಾರಿನ ತಿಳಿಗೆ 'ಕುಕ್-ಮುಲ್' ಅಂತ ಬರೆದು 'ಕುಙ್ಮುಲ್' ಅನ್ನುತ್ತಾರೆ. ಸೀರಿಯಲ್‌ಗಳಲ್ಲಿ ಕೇಳುವ 'ಕಾಮ್ಸಾಹಮ್ನಿದಾ' ಕೂಡ ಬರೆಯುವಾಗ 'ಹಪ್-ನಿ-ದಾ'.

ಮೊದಲ ವಾರ ಐದು ವ್ಯಂಜನ, ಆರು ಸ್ವರ ಸಾಕು. ಆಮೇಲೆ ಮಗಳು ಅನ್ನುವ ಪದ ಬರೆಯಿರಿ. ಬಲಗಡೆ ತೆರೆದ ಮೂರು ಗೋಡೆಯ ಡಬ್ಬಿ ಎರಡು ಅಕ್ಕಪಕ್ಕ, ಅವುಗಳ ಬಲಕ್ಕೆ ನಿಂತ ಗೆರೆ, ಆ ಗೆರೆಯ ನಡುವಿನಿಂದ ಬಲಕ್ಕೆ ಚಿಕ್ಕ ಗೀಟು, ಕೆಳಗೆ ಡಿಜಿಟಲ್ ಗಡಿಯಾರದ 2ರಂಥ 'ಲ್'. ಇಬ್ಬರೂ ಬರೆದು ಫೋಟೋ ಹಾಕಿ, ಗೆರೆ ಎಲ್ಲಾದರೂ ತಪ್ಪಿದ್ದರೆ ಹೇಳುತ್ತೇನೆ.